ಓರೆ ಬೆಳಕಿನಲ್ಲಿ ಕೆನ್ನೆ

ಜನವರಿ ೬, ಸೋಮವಾರ

ಚರ್ಮದ ಡಾಕ್ಟರು ದಿನವೂ ಬರೆದಿಡಲು ಹೇಳಿದ್ದಾರೆ. ಏನು ಹಚ್ಚಿದೆ, ಉರಿಯಿತೇ, ಸಿಪ್ಪೆ ಎದ್ದಿತೇ, ಬಿಸಿಲಿಗೆ ಹೋದೆನೇ, ಅಷ್ಟು ಸಾಕಂತೆ. ಲೆನ್ಸ್ ಕಂಪನಿಯವರು ಕೊಟ್ಟ ಡೈರಿಯೊಂದು ನಾನು ಕೆಲಸ ಮಾಡುವ ಕನ್ನಡಕದ ಅಂಗಡಿಯ ಕಪಾಟಿನಲ್ಲಿ ಧೂಳು ತಿನ್ನುತ್ತಿತ್ತು. ಎತ್ತಿಕೊಂಡು ಬಂದೆ.

ಡಾಕ್ಟರು ಹೆಂಗಸು, ನನ್ನಷ್ಟೇ ಕಪ್ಪು. ಅದನ್ನು ನೋಡಿಯೇ ಅರ್ಧ ಜೀವ ಬಂತು. ಕೋಣೆಯ ದೊಡ್ಡ ದೀಪ ಆರಿಸಿ, ಚಿಕ್ಕ ದೀಪವೊಂದನ್ನು ನನ್ನ ಕಿವಿಯ ಪಕ್ಕ ಹಿಡಿದು ಕೆನ್ನೆಯನ್ನು ನೋಡಿದರು. ಗೀರು ಬಿದ್ದ ಲೆನ್ಸನ್ನು ನಾನು ನೋಡುವುದೂ ಹೀಗೆಯೇ. ನೇರ ಬೆಳಕಿನಲ್ಲಿ ಸಂಭಾವಿತರಂತೆ ಕೂತಿರುವ ಗೀರುಗಳು ಓರೆ ಬೆಳಕು ಬಿದ್ದೊಡನೆ ಎದ್ದು ನಿಲ್ಲುತ್ತವೆ.

ಪುರಾಣವನ್ನೆಲ್ಲ ಹೇಳಿದೆ. ಹದಿನಾಲ್ಕನೇ ವಯಸ್ಸಿಗೆ ಮೊಡವೆ, ಹದಿನೆಂಟಕ್ಕೆ ಕುಳಿ, ಇಪ್ಪತ್ತಮೂರಕ್ಕೆ ಆ ಬ್ಯೂಟಿ ಪಾರ್ಲರ್. ಮೆಷಿನ್ನಿನ ಬೆಳಕು ಬಿಟ್ಟರೆ ಎರಡೇ ಸಲಕ್ಕೆ ಕೆನ್ನೆ ಕನ್ನಡಿಯ ಹಾಗಾಗುತ್ತದೆ ಅಂದಿದ್ದರು. ಒಂದೇ ಸಲಕ್ಕೆ ಎಡಗೆನ್ನೆ ಸುಟ್ಟಿತು. ಇಸ್ತ್ರಿಪೆಟ್ಟಿಗೆ ಮರೆತು ಇಟ್ಟ ಬಟ್ಟೆಯ ಹಾಗೆ ಕಪ್ಪು ಮಚ್ಚೆ. ಮಾಸಲು ಎರಡು ವರ್ಷ ಹಿಡಿಯಿತು. ಅಲ್ಲಿಗೆ ಕರೆದುಕೊಂಡು ಹೋದವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ನಮ್ಮಂಥ ಚರ್ಮಕ್ಕೆ ಕೋಪ ಬಂದ್ರೆ ಅದು ಕಪ್ಪಾಗುತ್ತೆ," ಅಂದರು. "ಮೊದಲು ಅದರ ಕೋಪ ಇಳಿಸೋಣ. ಕುಳಿಗೆ ಕೈ ಹಾಕೋದು ಆಮೇಲೆ."

ಎರಡು ತಿಂಗಳು ಬರೀ ಮುಲಾಮು. ರಾತ್ರಿ ಒಂದು, ಕಡಲೆ ಕಾಳಿನಷ್ಟು. ಬೆಳಿಗ್ಗೆ ಇನ್ನೊಂದು, ಅದರ ಮೇಲೆ ಸನ್‌ಸ್ಕ್ರೀನ್. ಸ್ವಲ್ಪ ಬೇಗ ಆಗುವಂಥದ್ದು ಇಲ್ಲವೇ ಎಂದು ಕೇಳಿದ್ದಕ್ಕೆ, ಬೇಗ ಆಗುವುದನ್ನು ನೀವು ಆಗಲೇ ಮಾಡಿಸಿದ್ದೀರಲ್ಲ ಎಂದರು.

ಮುಖ: ಎಡಗೆನ್ನೆ ಹನ್ನೊಂದು ಕುಳಿ, ಬಲಗೆನ್ನೆ ಏಳು, ಕಣತಲೆಯ ಹತ್ತಿರ ಆಳವಾದವು ಎರಡು. ಗದ್ದದ ಮೇಲೆ ಹೊಸ ಮೊಡವೆ ಒಂದು. ಮೂವತ್ತನಾಲ್ಕು ವರ್ಷವಾದರೂ ಇದಕ್ಕೆ ನಾಚಿಕೆಯಿಲ್ಲ.

ಜನವರಿ ೯, ಗುರುವಾರ

ಮುಖ: ಬಾಯಿಯ ಸುತ್ತ ಉರಿ. ಮೂಗಿನ ಪಕ್ಕ ಸಿಪ್ಪೆ. ನಕ್ಕರೆ ಕೆನ್ನೆ ಬಿಗಿಯುತ್ತದೆ, ಆದ್ದರಿಂದ ನಗಲಿಲ್ಲ.

ಅಂಗಡಿಯ ಮುಂಭಾಗದಲ್ಲಿ ಹದಿನಾಲ್ಕು ಕನ್ನಡಿಗಳಿವೆ. ಫ್ರೇಮು ಹಾಕಿ ನೋಡಿಕೊಳ್ಳುವವರಿಗೆ ನಿಲುಗನ್ನಡಿ, ಮೇಜಿನ ಕನ್ನಡಿ, ಹಿಡಿ ಇರುವ ಕೈಗನ್ನಡಿ. ಹಿಂದಿನ ಕೋಣೆಯಲ್ಲಿ ಒಂದೂ ಇಲ್ಲ. ಅಲ್ಲಿ ಲೆನ್ಸಿಗೆ ಸಾಣೆ ಹಿಡಿಯುವ ಮೆಷಿನ್ನು, ನೀರಿನ ತೊಟ್ಟಿ, ನಾನು. ಹತ್ತು ವರ್ಷದ ಹಿಂದೆ ಕೆಲಸಕ್ಕೆ ಸೇರುವಾಗ ಯಜಮಾನರು, ಮುಂದೆ ನಿಲ್ತೀಯೋ ಹಿಂದೆ ಕೂರ್ತೀಯೋ ಎಂದು ಕೇಳಿದ್ದರು. ಅವರ ಮಾತು ಮುಗಿಯುವ ಮೊದಲೇ ಹಿಂದೆ ಎಂದಿದ್ದೆ. ನನಗೆ ಮೆಷಿನ್ನಿನ ಮೇಲೆ ಬಲು ಪ್ರೀತಿ ಎಂದು ಅವರು ಇವತ್ತಿಗೂ ಎಲ್ಲರಿಗೂ ಹೇಳುತ್ತಾರೆ.

ಜನವರಿ ೨೦, ಸೋಮವಾರ

ಮುಖ: ಸಿಪ್ಪೆ, ಸಿಪ್ಪೆ, ಸಿಪ್ಪೆ. ಆಲೂಗಡ್ಡೆಗೂ ನನಗೂ ಇರುವ ವ್ಯತ್ಯಾಸವೆಂದರೆ ಅದು ಬಸ್ಸಿನಲ್ಲಿ ಟಿಕೆಟ್ ತೆಗೆಯುವುದಿಲ್ಲ.

ಡಾಕ್ಟರಿಗೆ ಫೋನು ಮಾಡಿದೆ. ದಿನ ಬಿಟ್ಟು ದಿನ ಹಚ್ಚಿ ಎಂದರು.

ಫೆಬ್ರವರಿ ೨, ಭಾನುವಾರ

ಅಕ್ಕನ ಮನೆಯಲ್ಲಿ ಊಟ. ಅಕ್ಕ ಅಪ್ಪನ ಬಣ್ಣ, ನಾನು ಅಮ್ಮನ ಬಣ್ಣ. ಅವಳ ಮಗಳು ಪುಟ್ಟಿ ನನ್ನನ್ನು ಹೋಲುತ್ತಾಳೆ. ಬಣ್ಣವೂ ಅದೇ, ಹಟವೂ ಅದೇ. ಹದಿನೈದು ತುಂಬಿತು. ಮುಂಗೂದಲನ್ನು ಹಣೆಯ ಮೇಲೆ ಪರದೆಯ ಹಾಗೆ ಇಳಿಬಿಟ್ಟು ಓಡಾಡುತ್ತಿದ್ದಳು. ಅಕ್ಕ ಬೈಯುತ್ತಲೇ ಇದ್ದಳು. ನಾನು ಬೈಯಲಿಲ್ಲ, ಆ ಪರದೆಯ ಹಿಂದೆ ಏನಿದೆ ಎಂದು ನನಗೆ ಗೊತ್ತು. ಪಾತ್ರೆ ಒರೆಸುವಾಗ ಅವಳೇ ಕೂದಲೆತ್ತಿ ತೋರಿಸಿದಳು. ಹಣೆ ತುಂಬ ಚಿಕ್ಕ ಮೊಡವೆ, ಚಿವುಟಿದ ಕಡೆಯಲ್ಲೆಲ್ಲ ಕಪ್ಪು ಚುಕ್ಕೆ. ಚಿವುಟಬೇಡ ಎಂದೆ. ಹೇಳುವುದು ಸುಲಭ.

ಮುಖ: ಉರಿ ಕಡಿಮೆ.

ಫೆಬ್ರವರಿ ೧೩, ಗುರುವಾರ

ಕಪ್ಪು ಕಲೆ ಏಳದಿರಲು ಬಣ್ಣ ಬೆರೆತ ಸನ್‌ಸ್ಕ್ರೀನ್ ಒಳ್ಳೆಯದೆಂದು ಡಾಕ್ಟರು ಹೇಳಿದ್ದರು. ಔಷಧಿ ಅಂಗಡಿಯವನು ಕೊಟ್ಟದ್ದನ್ನು ಹಚ್ಚಿಕೊಂಡು ಕೆಲಸಕ್ಕೆ ಹೋದೆ. ಯಜಮಾನರು ನೋಡಿ, ಜ್ವರ ಏನಮ್ಮ, ಮನೆಗೆ ಹೋಗು ಎಂದರು. ಕನ್ನಡಿ ನೋಡಿಕೊಂಡರೆ ಬೂದುಗುಂಬಳಕಾಯಿ. ಸಂಜೆ ಹೋಗಿ ಬದಲಾಯಿಸಲು ಕೇಳಿದೆ. ಇರುವುದರಲ್ಲಿ ಗಾಢವಾದದ್ದು ಅದೇ ಅಂದ. ಮೂರನೆಯ ಅಂಗಡಿಯಲ್ಲಿ ನನ್ನ ಬಣ್ಣದ್ದು ಸಿಕ್ಕಿತು. ಮಾರುತ್ತಿದ್ದ ಹೆಂಗಸು ತನ್ನದೇ ಮುಂಗೈ ಮೇಲೆ ಹಚ್ಚಿ ತೋರಿಸಿದಳು. ಎಲ್ಲಿದೆ ಎಂದು ಹುಡುಕಬೇಕಾಯಿತು.

ಮುಖ: ಮೂರು ವಾರದಿಂದ ಹೊಸ ಮೊಡವೆ ಇಲ್ಲ.

ಮಾರ್ಚ್ ೪, ಮಂಗಳವಾರ

ಡಾಕ್ಟರು ಇವತ್ತು ಸೂಜಿ ಹಿಡಿದರು. ಕೆನ್ನೆಗಲ್ಲ, ಕಿವಿಯ ಕೆಳಗೆ, ದವಡೆಯ ಮರೆಯಲ್ಲಿ, ಅಂಗಿಯ ಗುಂಡಿಯಷ್ಟು ಜಾಗಕ್ಕೆ. ಪೆನ್ನಿನಂಥ ಸಲಕರಣೆ, ಅದರ ತುದಿಯಲ್ಲಿ ಕೂದಲಿಗಿಂತ ಸಣ್ಣ ಸೂಜಿಗಳು. ಅವು ಚುಚ್ಚಿದ ಕಡೆ ಚರ್ಮ ತಾನೇ ಹೊಸದಾಗಿ ತುಂಬಿಕೊಳ್ಳುತ್ತದಂತೆ. ಆ ಜಾಗ ಕಪ್ಪಾಗದಿದ್ದರೆ ಮಾತ್ರ ಕೆನ್ನೆಗೆ. ನಾಲ್ಕು ವಾರ ಕಾಯಬೇಕು.

ಅಂಗಡಿಯಲ್ಲಿ ಬೇರೆಯೇ ಸುದ್ದಿ. ಮುಂದಿನ ಕೌಂಟರಿನ 'ಮಾಮೂಲು' ಕೆಲಸ ಬಿಡುತ್ತಿದ್ದಾನೆ. ಏನು ಕೇಳಿದರೂ ಮಾಮೂಲು ಎನ್ನುತ್ತಾನೆಂದು ಅವನಿಗೆ ಆ ಹೆಸರು. ಹೆಂಡತಿಗೆ ಬೇರೆ ಊರಿಗೆ ವರ್ಗವಾಗಿದೆ. ಬೇಜಾರಾಯಿತೇ ಎಂದು ಕೇಳಿದೆ. ಮಾಮೂಲು ಎಂದ. ಬೇರೆಯವರು ಸಿಗುವ ತನಕ ಸೋಮವಾರದಿಂದ ನೀನೇ ಮುಂದೆ ನಿಲ್ಲು ಎಂದು ಯಜಮಾನರು ನನಗೆ ಹೇಳಿದರು. ಆಗುವುದಿಲ್ಲ ಎಂದೆ. ಕಾರಣ ಕೇಳಿದರು. ಮೆಷಿನ್ನು ಎಂದೆ. ಮೆಷಿನ್ನು ಎಲ್ಲಿಗೂ ಓಡಿಹೋಗಲ್ಲ ಎಂದರು.

ಮಾರ್ಚ್ ೧೦, ಸೋಮವಾರ

ಕನ್ನಡಕದ ಅಳತೆ ತೆಗೆಯುವುದೆಂದರೆ ಎದುರಿನವರ ಮುಖಕ್ಕೆ ಒಂದು ಮೊಳ ದೂರದಲ್ಲಿ ಕೂರಬೇಕು. ನನ್ನ ಎಡಗಣ್ಣು ನೋಡಿ, ಈಗ ಬಲಗಣ್ಣು ನೋಡಿ, ಅಲುಗಾಡಬೇಡಿ ಎಂದು ನಾನೇ ಹೇಳಬೇಕು. ನನ್ನನ್ನು ಯಾರೂ ನೋಡದಿರಲಿ ಎಂದು ಹತ್ತು ವರ್ಷ ಗೋಡೆಯ ಹಿಂದೆ ಕೂತವಳು, ಇವತ್ತು ಹದಿನೇಳು ಜನರಿಗೆ ನನ್ನನ್ನೇ ನೋಡಿ ಎಂದು ಅಪ್ಪಣೆ ಮಾಡಿದೆ.

ಮೊದಲನೆಯವರು ನಿವೃತ್ತ ಬಸ್ ಡ್ರೈವರು. ಅವರು ನೋಡುವಾಗ ಒಂದೇ ಅಳತೆಯನ್ನು ಮೂರು ಸಲ ತೆಗೆದೆ. ಅವರು ಅದನ್ನು ಗಮನಿಸಿ, ಹೊಸಬರಾ, ನಿಧಾನಕ್ಕೆ ಮಾಡಿ, ನನಗೇನೂ ಬಸ್ಸಿಲ್ಲ ಎಂದರು.

ಸಂಜೆ ನಾಲ್ಕು ವರ್ಷದ ಹೆಣ್ಣು ಮಗು. ಅದರ ಕನ್ನಡಕದ ಕಡ್ಡಿ ಸರಿಮಾಡುತ್ತಿದ್ದಾಗ ಬೆರಳೆತ್ತಿ ನನ್ನ ಕೆನ್ನೆಯ ಕುಳಿಯೊಳಗೆ ಇಟ್ಟು, "ಇಲ್ಲೇನಾಯ್ತು?" ಎಂದಿತು. ಅದರ ತಾಯಿಯ ಮುಖ ಬಿಳಿಚಿಕೊಂಡಿತು. ಗುಳ್ಳೆ ಆಗಿತ್ತು ಎಂದೆ. ಮಗು ಫ್ರಾಕು ಎತ್ತಿ ಮಂಡಿ ತೋರಿಸಿ, "ನಂಗೆ ಸೊಳ್ಳೆ ಕಚ್ಚಿತ್ತು" ಎಂದಿತು. ಇಬ್ಬರ ಕಷ್ಟಸುಖವೂ ಮುಗಿಯಿತು. ತಾಯಿ ಮಾತ್ರ ಬಾಗಿಲು ದಾಟುವವರೆಗೂ ಕ್ಷಮಿಸಿ ಎನ್ನುತ್ತಲೇ ಇದ್ದಳು.

ಮುಖ: ಕಿವಿಯ ಕೆಳಗೆ ಸದ್ಯಕ್ಕೆ ಏನೂ ಇಲ್ಲ.

ಏಪ್ರಿಲ್ ೮, ಮಂಗಳವಾರ

ಕಿವಿಯ ಕೆಳಗಿನ ಜಾಗ ಕಪ್ಪಾಗಲಿಲ್ಲ. ಡಾಕ್ಟರು ಅದನ್ನು ಹೋದ ವಾರ ಓರೆ ಬೆಳಕಿನಲ್ಲಿಯೂ ನೇರ ಬೆಳಕಿನಲ್ಲಿಯೂ ನೋಡಿ ಒಪ್ಪಿಕೊಂಡಿದ್ದರು.

ಇವತ್ತು ಎರಡೂ ಕೆನ್ನೆ. ಮರಗಟ್ಟಿಸುವ ಮುಲಾಮು ಬಳಿದು ಮುಕ್ಕಾಲು ಗಂಟೆ ಕೂರಿಸಿದರು. ಆಮೇಲೆ ಸಣ್ಣ ಮಳಲನ್ನು ಮುಖದ ಮೇಲೆ ಎಳೆದಂತೆ ಸದ್ದು. ನೋವಿಗಿಂತ ಆ ಸದ್ದಿಗೆ ಹೆದರಿದೆ. ಸುಟ್ಟ ದಿನದ ವಾಸನೆ ಬರುತ್ತದೇನೋ ಎಂದು ಕಾಯುತ್ತಿದ್ದೆ. ಬರಲಿಲ್ಲ. ಮುಗಿದ ಮೇಲೆ ಡಾಕ್ಟರು ಕನ್ನಡಿ ಕೊಡಲಿಲ್ಲ, ನೀರು ಕೊಟ್ಟರು.

ಎರಡು ದಿನ ರಜೆ. ಮುಖ ಬಿಸಿ, ಇಟ್ಟಿಗೆಯ ಬಣ್ಣ. ತಣ್ಣೀರಿನ ಬಟ್ಟೆ ಹಾಕಿಕೊಂಡು ಮಲಗಿ ನಾಳೆ ಬರಬೇಕಾಗಿದ್ದ ಗಿರಾಕಿಗಳನ್ನು ನೆನೆಸಿಕೊಂಡೆ. ದೂರಕ್ಕೂ ಓದಲಿಕ್ಕೂ ಒಂದೇ ಕನ್ನಡಕ ಬೇಕೆಂದಿದ್ದ ಮೇಷ್ಟ್ರೊಬ್ಬರಿಗೆ ಯಜಮಾನರು ಲೆನ್ಸಿನ ಎತ್ತರ ಸರಿಯಾಗಿ ಅಳೆಯುತ್ತಾರೋ ಇಲ್ಲವೋ.

ಏಪ್ರಿಲ್ ೨೦, ಭಾನುವಾರ

ಇವತ್ತಿನದನ್ನು ಬರೆದುಬಿಡುತ್ತೇನೆ.

ಅಕ್ಕನ ಮನೆಗೆ ಹೋದಾಗ ಪುಟ್ಟಿಯೇ ಬಾಗಿಲು ತೆಗೆದಳು. ಹಣೆಯ ಮೇಲೆ ಕೂದಲಿಲ್ಲ. ಒಂದೂ ಮೊಡವೆಯಿಲ್ಲ. ಮುಖ ನುಣ್ಣಗೆ, ಬಣ್ಣ ಮೊದಲಿಗಿಂತ ತಿಳಿಯಾಗಿ, ಒಂಥರಾ ಎಣ್ಣೆಕಾಗದದ ಹೊಳಪು. ಅಕ್ಕ ಹಿಂದಿನಿಂದ ಬಂದು, ನೋಡಿದೆಯಾ, ಎರಡೇ ವಾರ, ನಿನ್ನ ಡಾಕ್ಟರು ನಾಲ್ಕು ತಿಂಗಳಿಂದ ಏನು ಮಾಡಿದ್ದಾರೆ ಎಂದಳು. ಹಚ್ಚಿದ ಮುಲಾಮಿನ ಟ್ಯೂಬು ತರಿಸಿದೆ. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಟ್ಟದ್ದು. ಹಿಂಬದಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣ ಅಕ್ಷರ. ಚೀಲದಲ್ಲಿದ್ದ ಭೂತಗನ್ನಡಿ ಹಿಡಿದು ಓದಿದೆ. ಸ್ಟೆರಾಯ್ಡ್. ಡಾಕ್ಟರು ಮೊದಲ ದಿನವೇ ಇಂಥದ್ದನ್ನು ಹಚ್ಚಿದ್ದೀರಾ ಎಂದು ನನ್ನನ್ನು ಎರಡು ಸಲ ಕೇಳಿದ್ದರು. ಚರ್ಮ ತೆಳುವಾಗುತ್ತದೆ, ಬಿಟ್ಟರೆ ಉಕ್ಕುತ್ತದೆ, ಬಿಡದಿದ್ದರೆ ಕೆಡುತ್ತದೆ ಎಂದಿದ್ದರು.

ಅದನ್ನೇ ಅಕ್ಕನಿಗೆ ಹೇಳಿದೆ. ಅವಳು ನಂಬಲಿಲ್ಲ. ಚೆನ್ನಾಗಾಗಿರುವುದು ಕಣ್ಣಿಗೆ ಕಾಣುತ್ತಿಲ್ಲವೇ ಎಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವಳು, "ನಿನಗಾಗಿದ್ದು ಇವಳಿಗೆ ಆಗಬಾರದು ಅಂತಾನೇ ಕಣೇ ನಾನು ಒದ್ದಾಡ್ತಿರೋದು" ಎಂದಳು.

ಅಲ್ಲಿಗೆ ಸುಮ್ಮನಾಗಬೇಕಿತ್ತು. "ಆ ಪಾರ್ಲರ್‌ಗೆ ನನ್ನ ಕೈ ಹಿಡಿದು ಕರ್ಕೊಂಡು ಹೋದವಳು ನೀನೇ ಅಲ್ವಾ ಅಕ್ಕಾ" ಎಂದೆ.

ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಆಡದ ಮಾತು. ಪುಟ್ಟಿ ಟ್ಯೂಬನ್ನು ಕಸದ ಬುಟ್ಟಿಗೆ ಹಾಕಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಊಟ ಮಾಡದೆ ಬಂದೆ.

ಏಪ್ರಿಲ್ ೨೩, ಬುಧವಾರ

ಅಕ್ಕ ಫೋನು ಮಾಡಲಿಲ್ಲ. ನಾನೂ ಮಾಡಲಿಲ್ಲ. ಒಂದೇ ಲೆನ್ಸನ್ನು ಎರಡು ಸಲ ತಪ್ಪು ಕೊರೆದೆ.

ಏಪ್ರಿಲ್ ೨೯, ಮಂಗಳವಾರ

ಮಧ್ಯಾಹ್ನ ಪುಟ್ಟಿ ಒಬ್ಬಳೇ ಅಂಗಡಿಗೆ ಬಂದಳು. ಮುಖಕ್ಕೆ ದುಪಟ್ಟಾ ಸುತ್ತಿದ್ದಳು. ಹದಿನಾಲ್ಕು ಕನ್ನಡಿಗಳ ನಡುವೆ ತಲೆ ತಗ್ಗಿಸಿ ನಡೆದು ಬಂದ ರೀತಿ ನೋಡಿಯೇ ತಿಳಿಯಿತು. ಹಿಂದಿನ ಕೋಣೆಗೆ ಕರೆದುಕೊಂಡು ಹೋದೆ. ದುಪಟ್ಟಾ ತೆಗೆದಳು. ಹಣೆ, ಕೆನ್ನೆ, ಗದ್ದ ಎಲ್ಲ ಕಡೆ ಕೆಂಡದಂಥ ಗುಳ್ಳೆ. ಮೊದಲಿಗಿಂತ ಹತ್ತು ಪಾಲು. ಟ್ಯೂಬು ಬಿಟ್ಟ ನಾಲ್ಕನೆಯ ದಿನಕ್ಕೆ ಶುರುವಾಯಿತಂತೆ. ಮೂರು ದಿನದಿಂದ ಮನೆಯಿಂದ ಹೊರಗೆ ಕಾಲಿಟ್ಟಿಲ್ಲ. ಅಮ್ಮ ಕಪಾಟಿನೊಳಗೆ ಮುಖವಿಟ್ಟು ಅಳುತ್ತಾಳೆ, ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾಳೆ ಎಂದಳು.

ತಪ್ಪು ನನ್ನದೂ ಹೌದು. ಬಿಟ್ಟರೆ ಉಕ್ಕುತ್ತದೆ ಎಂದು ಗೊತ್ತಿದ್ದವಳು ನಾನು. ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದನ್ನು ಬಿಟ್ಟು ಹಳೆಯ ಜಗಳ ತೆಗೆದು ಎದ್ದು ಬಂದೆ.

"ಚಿಕ್ಕಮ್ಮ, ನನ್ನ ಮುಖಾನೂ..." ಎಂದು ಅವಳು ನಿಲ್ಲಿಸಿದಳು. ನಿಮ್ಮ ಹಾಗೆ ಎಂದು ಹೇಳಲು ಬಾಯಿ ಬರಲಿಲ್ಲ, ಪಾಪ.

"ಆಗಲ್ಲ," ಎಂದೆ. "ನನ್ನ ಡಾಕ್ಟರು ನನಗೆ ಇಪ್ಪತ್ತು ವರ್ಷ ತಡವಾಗಿ ಸಿಕ್ಕರು. ನಿನಗೆ ನಾಳೇನೇ ಸಿಗ್ತಾರೆ."

ಅಕ್ಕನಿಗೆ ನಾನೇ ಫೋನು ಮಾಡಿದೆ. ಎಷ್ಟು ಗಂಟೆಗೆ ಬರಬೇಕು ಎಂದಷ್ಟೇ ಕೇಳಿದಳು.

ಏಪ್ರಿಲ್ ೩೦, ಬುಧವಾರ

ಡಾಕ್ಟರ ಕಾಯುವ ಕೋಣೆಯಲ್ಲಿ ಮೂವರೂ ಒಂದೇ ಬೆಂಚಿನಲ್ಲಿ, ನಡುವೆ ಪುಟ್ಟಿ. ಒಳಗೆ ಹೋದ ಮೇಲೆ ಡಾಕ್ಟರು ಪುಟ್ಟಿಯನ್ನು ಓರೆ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಟ್ಯೂಬು ಎರಡು ವಾರಕ್ಕೇ ನಿಂತದ್ದು ಒಳ್ಳೆಯದಾಯಿತು, ತಿಂಗಳೆರಡು ತಿಂಗಳಲ್ಲಿ ಇಳಿಯುತ್ತದೆ, ಚಿವುಟದಿದ್ದರೆ ಕುಳಿ ಬೀಳುವ ಭಯ ಕಡಿಮೆ, ಕಪ್ಪು ಚುಕ್ಕೆ ಮಾಸಲು ಮಾತ್ರ ಕೆಲವು ತಿಂಗಳು ಬೇಕು ಎಂದರು. ಎಲ್ಲವನ್ನೂ ಅವರು ಹೇಳಿದ್ದು ಪುಟ್ಟಿಗೇ, ನಮಗಲ್ಲ. ಅವಳು ತಲೆಯಾಡಿಸುತ್ತ ಕೇಳಿದಳು.

ಏಳುವಾಗ ಅಕ್ಕ ತಡೆದು ನಿಂತಳು. "ಡಾಕ್ಟ್ರೇ, ಇವಳ ಕೆನ್ನೆ ಸುಟ್ಟಿದ್ದು ನನ್ನಿಂದ," ಎಂದಳು. ನನ್ನ ಕಡೆ ಕೈ ತೋರಿಸುತ್ತಿದ್ದಳು. "ನನ್ನ ಮದುವೇಲಿ ಹಾಕಿದ್ದ ಬಳೆ ಮಾರಿ ಕರ್ಕೊಂಡು ಹೋಗಿದ್ದೆ. ಒಳ್ಳೇದಾಗ್ಲಿ ಅಂತಾನೇ ಹೋಗಿದ್ದೆ."

ಬಳೆಯ ವಿಷಯ ನನಗೆ ಗೊತ್ತಿರಲಿಲ್ಲ. ಡಾಕ್ಟರು ನಮ್ಮಿಬ್ಬರನ್ನೂ ನೋಡಿ, ಇಂಥ ಕಥೆ ವಾರಕ್ಕೆ ಮೂರು ಕೇಳುತ್ತೇನೆ, ಎಲ್ಲದರಲ್ಲೂ ಕರೆದುಕೊಂಡು ಹೋದವರು ಪ್ರೀತಿ ಇದ್ದವರೇ ಎಂದು ಹೇಳಿ ಚೀಟಿ ಕೊಟ್ಟರು.

ಹೊರಗೆ ಅಕ್ಕ ಆ ಚೀಟಿಯನ್ನು ಓದಲು ಕೈಯನ್ನು ಪೂರ್ತಿ ಉದ್ದ ಚಾಚಿದಳು. ಕತ್ತು ಹಿಂದಕ್ಕೆ ಎಳೆದು, ಕಣ್ಣು ಕಿರಿದು ಮಾಡಿದಳು. ದಿನಕ್ಕೆ ಹತ್ತು ಜನರಲ್ಲಿ ನಾನು ನೋಡುವ ಭಂಗಿ. ನಲವತ್ತೆರಡು ವರ್ಷ. ಆ ಟ್ಯೂಬಿನ ಅಕ್ಷರ ಅವಳಿಗೆ ಕಂಡೇ ಇರಲಿಲ್ಲ. ಓದಿ ಅಸಡ್ಡೆ ಮಾಡಿದಳು ಎಂದುಕೊಂಡಿದ್ದೆನಲ್ಲ ಎಂದು ನಾಚಿಕೆಯಾಯಿತು. ನಾಳೆಯೇ ಅಂಗಡಿಗೆ ಬಾ ಎಂದೆ. ನನಗ್ಯಾಕೆ ಮುದುಕಿಯರ ಕನ್ನಡಕ, ದೀಪ ಸರಿಯಿಲ್ಲ ಅಷ್ಟೇ ಎಂದಳು. ಬೀದಿಯಲ್ಲಿ ಮಟಮಟ ಮಧ್ಯಾಹ್ನ.

ಮೇ ೨೭, ಮಂಗಳವಾರ

ಎರಡನೆಯ ಸಲದ ಸೂಜಿ ಹೋದ ವಾರ ಆಯಿತು. ಈ ಸಲ ಎಡಗೆನ್ನೆಯ ನಾಲ್ಕು ಕುಳಿಗಳ ತಳವನ್ನು ಬೇರೊಂದು ಸೂಜಿಯಿಂದ ಬಿಡಿಸಿದರು. ಒಳಗೆ ಎಳೆದು ಹಿಡಿದ ದಾರಗಳಂತೆ ಏನೋ ಇರುತ್ತದಂತೆ. ಮೂರು ದಿನ ಬಾವು. ಗಿರಾಕಿಯೊಬ್ಬರು ಹಲ್ಲುನೋವಾ ಎಂದು ಕೇಳಿ ಲವಂಗ ಕೊಟ್ಟು ಹೋದರು.

ಮೇಷ್ಟ್ರು ಇವತ್ತು ಮತ್ತೆ ಬಂದಿದ್ದರು. ಮೆಟ್ಟಿಲು ಇಳಿಯುವಾಗ ನೆಲ ಮೇಲೆ ಬಂದಂತೆ ಕಾಣುತ್ತದಂತೆ. ನಾನು ರಜೆಯಲ್ಲಿದ್ದಾಗ ಎತ್ತರ ತಪ್ಪಾಗಿತ್ತು, ನಾನು ಹೇಳಲಿಲ್ಲವೇ. ಬೀದಿಯ ಮೆಟ್ಟಿಲಿನ ತನಕ ಜೊತೆಗೆ ಹೋಗಿ, ಹತ್ತಿಸಿ ಇಳಿಸಿ, ಎಲ್ಲಿ ತಪ್ಪಿದೆ ಎಂದು ಗುರುತು ಮಾಡಿಕೊಂಡು ಬಂದೆ. ಹೊಸ ಲೆನ್ಸು ಶುಕ್ರವಾರ.

ಜೂನ್ ೧೯, ಗುರುವಾರ

ಪುಟ್ಟಿಯ ಮುಖ ಇಳಿಯುತ್ತಿದೆ. ಶಾಲೆಯ ಗುಂಪುಚಿತ್ರದಲ್ಲಿ ಎರಡನೆಯ ಸಾಲಿನಲ್ಲಿ ನಿಂತಿದ್ದಾಳೆ. ಹೋದ ವರ್ಷದ ಚಿತ್ರದಲ್ಲಿ ಯಾರದೋ ಭುಜದ ಹಿಂದೆ ಅವಳ ಕಿವಿ ಮಾತ್ರ ಇತ್ತು.

ಇವತ್ತು ಬಂದ ಒಬ್ಬರ ಎರಡು ಕಿವಿಗೂ ಅರ್ಧ ಬೆರಳು ವ್ಯತ್ಯಾಸ. ಜೀವನವಿಡೀ ಕನ್ನಡಕ ಓರೆ ಕೂರುತ್ತಿತ್ತಂತೆ. ಹೋದಲ್ಲೆಲ್ಲ ಅವರ ಮೂಗನ್ನು ಬೈದಿದ್ದಾರೆ. ಒಂದು ಕಡ್ಡಿ ಕಾಯಿಸಿ ಬಗ್ಗಿಸಿದೆ, ಎರಡು ನಿಮಿಷದ ಕೆಲಸ. ಅವರು ಹತ್ತು ನಿಮಿಷ ಕನ್ನಡಿಯ ಮುಂದೆ ನಿಂತು ತಲೆಯನ್ನು ಅತ್ತ ಇತ್ತ ಮಾಡುತ್ತಿದ್ದರು. ಮುಚ್ಚುವ ಹೊತ್ತಾಯಿತೆಂದು ಹೇಳಲು ಮನಸ್ಸು ಬರಲಿಲ್ಲ.

ಮುಖ: ಸರಿ.

ಜುಲೈ ೧೫, ಮಂಗಳವಾರ

ಮುಂದಿನ ಕೌಂಟರಿಗೆ ಯಜಮಾನರಿಗೆ ಕೊನೆಗೂ ಒಬ್ಬರು ಸಿಕ್ಕಿದ್ದಾರೆ. ಐವತ್ತರ ಹೆಂಗಸು, ಹಿಂದೆ ಗಡಿಯಾರ ರಿಪೇರಿ ಮಾಡುತ್ತಿದ್ದವರು. ಅವರ ಕೈ ನೋಡಿದೆ, ಬಂಡೆಯ ಹಾಗೆ ಸ್ಥಿರ. ಇಂಥ ಕೈಯನ್ನು ಕೌಂಟರಿನಲ್ಲಿ ನಿಲ್ಲಿಸುವುದು ದಂಡ, ಇವರು ಸಾಣೆ ಹಿಡಿಯಲಿ, ನಾನು ಕಲಿಸುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಹಾಗಾದರೆ ಮುಂದೆ ಯಾರು ಎಂದರು. ಇದೇನು ಪ್ರಶ್ನೆ ಎಂದು ಅವರ ಮುಖ ನೋಡಿದೆ. ಅವರು ನಕ್ಕು ಗಲ್ಲಾದ ಕಡೆಗೆ ಹೋದರು.

ಆಗಸ್ಟ್ ೧೨, ಮಂಗಳವಾರ

ಮೂರನೆಯ ಸಲ ಆಗಿ ಐದು ವಾರ. ಡಾಕ್ಟರು ಜನವರಿಯ ಫೋಟೋ ಮತ್ತು ಇವತ್ತಿನ ಫೋಟೋ ಪಕ್ಕಪಕ್ಕ ಇಟ್ಟು ತೋರಿಸಿದರು. ಹೆಚ್ಚುಕಡಿಮೆ ಅರ್ಧ ತುಂಬಿದೆ, ಎಲ್ಲೂ ಕಪ್ಪಾಗಿಲ್ಲ ಎಂದರು. ಕಣತಲೆಯ ಎರಡು ಆಳದ ಕುಳಿಗಳು ಪೂರ್ತಿ ಹೋಗುವುದಿಲ್ಲವಂತೆ, ಇನ್ನೆರಡು ಸಲ ಮಾಡಿದರೆ ಅಂಚು ಮೆದುವಾಗಬಹುದು. ಮುಂದಿನ ತಿಂಗಳು ಬರುತ್ತೀರಾ ಎಂದರು. ಮುಂದಿನ ತಿಂಗಳು ಅಂಗಡಿಯ ಕಡೆಯಿಂದ ಶಾಲೆಯೊಂದರ ಮುನ್ನೂರು ಮಕ್ಕಳ ಕಣ್ಣು ನೋಡಬೇಕು, ಆಮೇಲೆ ಬರುತ್ತೇನೆ ಎಂದೆ. ಅವಸರವೇನಿಲ್ಲ ಎಂದರು. ನನಗೂ ಇಲ್ಲ ಎಂದೆ. ಬಸ್ಸು ಬರುತ್ತಿತ್ತು, ಫೋಟೋದ ಪ್ರತಿ ತೆಗೆದುಕೊಳ್ಳುವುದು ಮರೆತೇ ಹೋಯಿತು.

ಆಗಸ್ಟ್ ೨೩, ಶನಿವಾರ

ಅಕ್ಕ ಸೋತಳು. ಸೂಜಿಗೆ ದಾರ ಪೋಣಿಸಲು ಪುಟ್ಟಿಯನ್ನು ಕರೆಯುವುದು ಮೂರನೆಯ ಸಲವಾದಾಗ ಪುಟ್ಟಿಯೇ ಅವಳನ್ನು ಎಳೆದುಕೊಂಡು ಬಂದಿದ್ದಳು. ಹೋದ ಶನಿವಾರ ಅಳತೆ ತೆಗೆದಿದ್ದೆ. ಲೆನ್ಸನ್ನು ಗಡಿಯಾರದವರು ಕೊರೆದರು, ಅವರ ಮೊದಲ ಸ್ವಂತ ಕೆಲಸ.

ಇವತ್ತು ಹಾಕಿಸಿದೆ. ಎದುರಿಗೆ ಕೂರಿಸಿ, ಕಡ್ಡಿಗಳನ್ನು ಕಿವಿಯ ಹಿಂದೆ ಸರಿಸಿ, ಮೂಗಿನ ಮೇಲೆ ಕೂತಿದೆಯೇ ಎಂದು ಬಾಗಿ ನೋಡಿದೆ. ನಮ್ಮಿಬ್ಬರ ನಡುವೆ ಒಂದು ಮೊಳ. ಓದುವ ಕನ್ನಡಕ ಚೆನ್ನಾಗಿ ಕಾಣಿಸುವುದು ಅಷ್ಟೇ ದೂರಕ್ಕೆ. ಅಕ್ಕ ಕಣ್ಣು ಮಿಟುಕಿಸಿದಳು, ಆಮೇಲೆ ಮಿಟುಕಿಸುವುದನ್ನು ನಿಲ್ಲಿಸಿದಳು. ಎಷ್ಟೋ ವರ್ಷದ ಮೇಲೆ ಅವಳಿಗೆ ನನ್ನ ಮುಖ ಹತ್ತಿರದಿಂದ ಕಾಣುತ್ತಿತ್ತು. ಕೆನ್ನೆ, ಗದ್ದ, ಕಣತಲೆ ಎಲ್ಲವನ್ನೂ ನಿಧಾನವಾಗಿ ನೋಡಿದಳು. ನಾನು ಅಲುಗಾಡಲಿಲ್ಲ. ಅವಳ ಕಣ್ಣು ತುಂಬುತ್ತಿತ್ತು. ಅಳಬೇಡ, ಲೆನ್ಸು ಮಸುಕಾಗುತ್ತೆ ಎನ್ನಲು ಬಾಯಿ ತೆರೆದೆ.

ಅಷ್ಟರಲ್ಲಿ ಅವಳು ಕೈ ಚಾಚಿ ನನ್ನ ಕಿವಿಯ ಮೇಲಿನ ಕೂದಲನ್ನು ಹಿಡಿದು, "ಅಯ್ಯೋ, ನಿನಗೆ ಯಾವಾಗ ಬಂತೇ ಈ ಬಿಳಿ ಕೂದಲು?" ಎಂದಳು.

ಪುಟ್ಟಿ ಓಡಿ ಬಂದು ನೋಡಿದಳು. ಒಂದಲ್ಲ, ಮೂರು ಎಂದಳು. ಯಜಮಾನರು ಗಲ್ಲಾದಿಂದ ಎದ್ದು ಬಂದು, ಇದಕ್ಕೆ ನನ್ನ ಅಂಗಡಿ ಕಾರಣವಲ್ಲ ಎಂದು ಘೋಷಿಸಿದರು. ಅಕ್ಕ ನಕ್ಕ ರಭಸಕ್ಕೆ ಕನ್ನಡಕ ಮೂಗಿನ ತುದಿಗೆ ಜಾರಿತು. ಬಿಚ್ಚಿ, ಎಡಗಡೆಯ ಕಡ್ಡಿಯನ್ನು ಒಂದಿಷ್ಟು ಬಗ್ಗಿಸಿ ಮತ್ತೆ ಹಾಕಿದೆ. ಈಗ ಸರಿಯಾಗಿ ಕೂತಿದೆ. ಎಷ್ಟು ನಕ್ಕರೂ ಜಾರುವುದಿಲ್ಲ, ಮೂರು ಸಲ ನಗಿಸಿ ನೋಡಿದೆ.